ಅಲ್ಲಾಡಿಸಿ ನೋಡುವುದು

ಅರಸೀಕೆರೆ ಸೀಮೆಯವರಿಗೆ ನೀರೆಂದರೆ ಕಣ್ಣಿಗೆ ಕಾಣುವ ವಸ್ತುವಲ್ಲ. ಒಂದೋ ಅದು ನೆಲದೊಳಗೆ ಇರುತ್ತದೆ, ಇಲ್ಲವೇ ತೆಂಗಿನಮರದ ತುದಿಯಲ್ಲಿ ಕಾಯಿಯೊಳಗೆ ಇರುತ್ತದೆ. ನೆಲದೊಳಗಿನದನ್ನು ಬೋರ್‌ವೆಲ್ ಲಾರಿ ಹುಡುಕುತ್ತದೆ, ಕಾಯೊಳಗಿನದನ್ನು ಮಚ್ಚು ಹುಡುಕುತ್ತದೆ. ಮಚ್ಚಿಗಿರುವ ಗ್ಯಾರಂಟಿ ಲಾರಿಗೆ ಇಲ್ಲ. ಪಕ್ಕದ ಬೇಲೂರಿಗೆ ಯಗಚಿ ಹೊಳೆ ಇದೆ, ಹಳೇಬೀಡಿಗೆ ಹಳೆಯ ದೊಡ್ಡ ಕೆರೆ ಇದೆ, ಅರಸೀಕೆರೆಗೆ ರೈಲ್ವೆ ಜಂಕ್ಷನ್ ಇದೆ.

ಬೋರು ಕೊರೆಸುವ ಮುಂಚೆ ನೀರು ನೋಡುವವರನ್ನು ಕರೆಸುವುದು ಈಗಲೂ ನಡೆದಿದೆ. ಸುಲಿದ ತೆಂಗಿನಕಾಯೊಂದನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಅವರು ಹೊಲದ ಉದ್ದಗಲ ನಿಧಾನವಾಗಿ ನಡೆಯುತ್ತಾರೆ. ಅವರ ಹಿಂದೆ ಹೊಲದ ಯಜಮಾನ, ಯಜಮಾನನ ಹಿಂದೆ ಕೆಲಸವಿಲ್ಲದ ನಾಲ್ಕು ಜನ, ಎಲ್ಲರ ಕಣ್ಣೂ ಕಾಯಿಯ ಮೇಲೆ. ನೀರಿನ ಸೆಲೆ ಇರುವಲ್ಲಿಗೆ ಬಂದಾಗ ಕಾಯಿ ತಾನಾಗಿ ಎದ್ದು ನಿಲ್ಲಬೇಕು. ನಿಲ್ಲುತ್ತದೆ ಕೂಡ. ಕಾಯಿ ನಿಲ್ಲದಿದ್ದರೆ ಫೀಸು ನಿಲ್ಲುತ್ತದೆ. ಬಾಣಾವರದ ಹತ್ತಿರ ತೋಟ ಮಾಡಿಕೊಂಡಿರುವ ನಮ್ಮ ಸೋದರಮಾವ ಇದನ್ನು ನೋಡಿದಾಗಲೆಲ್ಲ ಹೇಳುವ ಮಾತು ಒಂದೇ: “ಆ ಕಾಯಿಗೆ ತನ್ನ ಹೊಟ್ಟೇಲಿರೋ ನೀರು ಗೊತ್ತಾಗಲ್ಲ ಕಣಯ್ಯಾ, ಮುನ್ನೂರು ಅಡಿ ಕೆಳಗಿಂದು ಗೊತ್ತಾಯ್ತದೆ.” ಹೀಗೆ ನಕ್ಕ ಮಾವನೇ ಮುಂದಿನ ಬೇಸಗೆಯಲ್ಲಿ ಅವರನ್ನೇ ಕರೆಸುತ್ತಾರೆ. ಲಕ್ಷಗಟ್ಟಲೆ ದುಡ್ಡು ನೆಲಕ್ಕೆ ಸುರಿಯುವಾಗ ಯಾರಾದರೊಬ್ಬರು ಧೈರ್ಯ ಹೇಳುವವರು ಬೇಕು.

ಬಂಡೆಯ ಕೆಳಗೆ ಎಲ್ಲೋ ಒಂದು ದೊಡ್ಡ ನೀರಿದೆ, ಅಲ್ಲಿಯವರೆಗೆ ಕೊರೆಯುವ ತಾಕತ್ತು ನಮಗಿಲ್ಲ ಅಷ್ಟೆ ಎಂಬ ನಂಬಿಕೆ ಬರೀ ನಮ್ಮ ಹಳ್ಳಿಗಳದ್ದಲ್ಲ. 2017ರಲ್ಲಿ ಪಾತಾಳಗಂಗೆ ಎಂಬ ಹೆಸರಿನಲ್ಲಿ, ಸಾವಿರಾರು ಅಡಿ ಕೆಳಗಿನ ನೀರನ್ನು ಎತ್ತುವ ಮಾತು ಸರ್ಕಾರದ ಮಟ್ಟದಲ್ಲೇ ನಡೆಯಿತು. ನೀರಿನ ವಿಷಯ ಬಲ್ಲವರು ಬೇಡವೇ ಬೇಡ ಎಂದು ಪಟ್ಟು ಹಿಡಿದರು. ಅವರ ವಾದ ಸರಳ. ನಮ್ಮ ಕಾಲ ಕೆಳಗಿರುವುದು ಭೂಮಿಯ ಅತಿ ಹಳೆಯ ಬಂಡೆಗಳಲ್ಲಿ ಒಂದು. ಅದರಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕುಗಳು ಬಿಗಿದುಕೊಳ್ಳುತ್ತವೆ. ಸಾವಿರದ ಇನ್ನೂರು ಅಡಿಗೆ ಸಿಗದ ನೀರು ಐದು ಸಾವಿರ ಅಡಿಗೆ ಕಾದು ಕೂತಿರುವುದಿಲ್ಲ. ಸಾವಿರದ ಇನ್ನೂರು ಅಡಿಗೆ ಬರೀ ಪುಡಿ ಹಾರಿದ್ದನ್ನು ಕಣ್ಣಾರೆ ಕಂಡವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹಾಗೆಂದು ಪಾತಾಳದಲ್ಲಿ ಕಡಲಿದೆ ಎಂಬ ಮಾತು ಪೂರ್ತಿ ಸುಳ್ಳಲ್ಲ, ವಿಳಾಸ ತಪ್ಪಾಗಿದೆ. ಗುರುಗ್ರಹಕ್ಕೆ ಯುರೋಪಾ ಎಂಬ ಚಂದ್ರನಿದೆ. 1610ರ ಜನವರಿಯಲ್ಲಿ ಗೆಲಿಲಿಯೋ ತನ್ನ ದೂರದರ್ಶಕದಲ್ಲಿ ಕಂಡ ನಾಲ್ಕು ಚಂದ್ರರಲ್ಲಿ ಅದೂ ಒಂದು. ಗಾತ್ರದಲ್ಲಿ ನಮ್ಮ ಚಂದ್ರನಿಗಿಂತ ತುಸು ಚಿಕ್ಕದು, ಅಡ್ಡಳತೆ ಸುಮಾರು 3,120 ಕಿಲೋಮೀಟರ್. ಮೈತುಂಬ ಮಂಜುಗಡ್ಡೆ, ಅದರ ಮೇಲೆ ಕಂದುಬಣ್ಣದ ಗೀರುಗಳು. ಆ ಗಡ್ಡೆ ಬಹುಶಃ 15ರಿಂದ 25 ಕಿಲೋಮೀಟರ್ ದಪ್ಪ. ಅದರ ಕೆಳಗೆ 60ರಿಂದ 150 ಕಿಲೋಮೀಟರ್ ಆಳದ ಉಪ್ಪುನೀರಿದೆ ಎಂದು ವಿಜ್ಞಾನಿಗಳ ಅಂದಾಜು. ಭೂಮಿಯ ಎಲ್ಲ ಸಮುದ್ರಗಳನ್ನೂ ಕೂಡಿಸಿದರೆ ಬರುವ ನೀರಿನ ಎರಡರಷ್ಟು ನೀರು ಅಲ್ಲಿದ್ದೀತು. ಶನಿಗ್ರಹದ ಕಡೆ ಎನ್ಸೆಲಡಸ್ ಎಂಬ ಪುಟಾಣಿ ಇದೆ. ಅದರ ಅಡ್ಡಳತೆ ಸುಮಾರು 500 ಕಿಲೋಮೀಟರ್, ಬೆಂಗಳೂರಿನಿಂದ ಬೆಳಗಾವಿಗೆ ರಸ್ತೆಯಲ್ಲಿ ಹೋದಷ್ಟು. ಅದರೊಳಗೂ ಕಡಲು.

ಇದನ್ನೆಲ್ಲ ಒಂದು ಸಂಜೆ ಮಾವನಿಗೆ ಹೇಳುತ್ತಿದ್ದೆ. ಅವರು ಕಾಯಿ ಸುಲಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು. ತೆಂಗು ಬೆಳೆಯುವವರು ಕಡಲಿನ ಗಾತ್ರಕ್ಕೆಲ್ಲ ಬೆರಗಾಗುವುದಿಲ್ಲ, ಲೆಕ್ಕ ಕೇಳುತ್ತಾರೆ. “ಅಲ್ಲಿ ಚಳಿ ಎಷ್ಟು?” ಎಂದರು. ಬಿಸಿಲು ಚೆನ್ನಾಗಿ ಬೀಳುವ ನಡುಭಾಗದಲ್ಲೇ ಸೊನ್ನೆಗಿಂತ 160 ಡಿಗ್ರಿ ಕೆಳಗೆ ಎಂದೆ. “ಮತ್ತೆ ಒಳಗಿನ ನೀರು ಕಲ್ಲಾಗದೆ ಹೆಂಗುಳೀತು? ಇಲ್ಲಿ ಅಟ್ಟದ ಮ್ಯಾಲಿಟ್ಟ ಕಾಯಲ್ಲೇ ವರ್ಷಕ್ಕೆ ನೀರುಳಿಯಲ್ಲ.”

ಒಳ್ಳೆಯ ಪ್ರಶ್ನೆ. ಕಾಲೇಜು ಮಕ್ಕಳಿಗೆ ಪಾಠ ಹೇಳುವವರೂ ಇಷ್ಟು ನೇರವಾಗಿ ಕೇಳುವುದಿಲ್ಲ. ಅಟ್ಟದ ಕಾಯಿಯನ್ನು ಬಲ್ಲವರಿಗೆ ಯುರೋಪಾದ ಅರ್ಧ ಪಾಠ ಆಗಲೇ ಗೊತ್ತಿರುತ್ತದೆ ಎಂದು ನನಗೆ ಅನ್ನಿಸಿದ್ದೂ ಆಗಲೇ. ಅರಸೀಕೆರೆ, ತಿಪಟೂರು ಕಡೆಯ ಉಂಡೆ ಕೊಬ್ಬರಿ ಹೇಗಾಗುತ್ತದೆ ಎಂದು ಪಟ್ಟಣದವರಿಗೆ ತಿಳಿದಿರಲಿಕ್ಕಿಲ್ಲ. ಬಲಿತ ಕಾಯನ್ನು ಮಟ್ಟೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಬಿಸಿಲಿಗೆ ಹಾಕುವುದಿಲ್ಲ, ಒಡೆಯುವುದಿಲ್ಲ. ಮೇಲೆ ಹೆಂಚಿನ ಕಾವು, ಕೆಳಗೆ ಒಲೆಯ ಹೊಗೆ. ಒಳಗಿನ ನೀರು ದಿನದಿನಕ್ಕೆ ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಒಂದು ದಿನ ಉಂಡೆಯಾಗಿ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಕಾಯಿ ಹಾಕಿದಾಗ ಹೇಗಿತ್ತೋ ಹಾಗೇ ಇರುತ್ತದೆ. ಮುಚ್ಚಿದ ಚಿಪ್ಪಿನೊಳಗಿನ ನೀರು ಉಳಿಯುವುದೂ ಹೋಗುವುದೂ ಆದಾಯ ಖರ್ಚಿನ ವಿಷಯ. ಒಳಗೆ ಬರುವುದೆಷ್ಟು, ಚಿಪ್ಪಿನ ಮೂಲಕ ಸೋರುವುದೆಷ್ಟು, ಅಷ್ಟೇ ಲೆಕ್ಕ. ಅಟ್ಟದಲ್ಲಿ ಹೋಗುವುದು ನೀರು, ಯುರೋಪಾದಲ್ಲಿ ಹೋಗುವುದು ಶಾಖ.

ಮೊದಲು ಆದಾಯ. ಸೂರ್ಯನಿಂದ ದೂರದಲ್ಲಿ ಗ್ರಹಗಳು ಹುಟ್ಟುವಾಗ ಕಲ್ಲಿನ ಜೊತೆಗೆ ಮಂಜುಗಡ್ಡೆಯೂ ಹೇರಳವಾಗಿತ್ತು. ಎರಡೂ ಕಲೆತು ಉಂಡೆಯಾದವು. ಒಂದಕ್ಕೊಂದು ಬಡಿದ ಕಾವು, ಕಲ್ಲಿನೊಳಗಿನ ವಿಕಿರಣದ ಕಾವು ಸೇರಿ ಗಡ್ಡೆ ಕರಗಿತು. ಭಾರದ ಕಲ್ಲು ನಡುವಿಗೆ ಇಳಿಯಿತು, ನೀರು ಮೇಲೆ ಉಳಿಯಿತು. ನೀರಿನ ಮೇಲ್ಮೈ ಆಕಾಶಕ್ಕೆ ತೆರೆದುಕೊಂಡ ಕೂಡಲೇ ಹೆಪ್ಪುಗಟ್ಟಿತು. ಇಲ್ಲಿಯವರೆಗೆ ಕಷ್ಟವಿಲ್ಲ. ಕಷ್ಟ ಇರುವುದು ಆಮೇಲಿನ 450 ಕೋಟಿ ವರ್ಷಗಳಲ್ಲಿ. ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಕಲ್ಲಿನಲ್ಲಿ ಇಂದಿಗೂ ಕಾವು ಕೊಡುತ್ತಿವೆ, ನಮ್ಮ ಕಾಲ ಕೆಳಗಿನ ಬಂಡೆಯಲ್ಲೂ ಕೊಡುತ್ತಿವೆ. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಕೆಳಗೆ ಇಳಿದು ದುಡಿದವರಿಗೆ ಬಂಡೆಯ ಬಿಸಿ ಎಂಥದ್ದು ಎಂದು ಮೈಯೇ ಹೇಳುತ್ತಿತ್ತು. ಆದರೆ ಆ ಕಾವು ಕಾಲ ಕಳೆದಂತೆ ಇಳಿಯುವಂಥದ್ದು. ಸಣ್ಣ ಚಂದ್ರಗಳಿಗೆ ಅದೊಂದೇ ಸಾಲದು.

ಯುರೋಪಾಕ್ಕೆ ಇನ್ನೊಂದು ಆದಾಯವಿದೆ: ಎಳೆದಾಟ. ಅದು ಗುರುವನ್ನು ಮೂರೂವರೆ ದಿನಕ್ಕೊಮ್ಮೆ ಸುತ್ತುತ್ತದೆ. ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ, ಒಂಚೂರು ಉದ್ದಕ್ಕಿದೆ. ಗುರುವಿಗೆ ಹತ್ತಿರ ಬಂದಾಗ ಎಳೆತ ಹೆಚ್ಚು, ದೂರ ಹೋದಾಗ ಕಡಿಮೆ. ಅದಕ್ಕೆ ತಕ್ಕಂತೆ ಅಷ್ಟು ದೊಡ್ಡ ಗೋಳದ ಮೈ ಉಬ್ಬುತ್ತದೆ, ಇಳಿಯುತ್ತದೆ. ಒಳಗೆ ಕಡಲಿದ್ದರೆ ಈ ಏರಿಳಿತ 30 ಮೀಟರಿನಷ್ಟು ಇರಬೇಕು ಎಂದು ಲೆಕ್ಕ. ಮಂಜುಗಡ್ಡೆಯೂ ಕಲ್ಲೂ ಹೀಗೆ ಬಾಗಿ ಬಳುಕಿ ತಿಕ್ಕಾಡಿ ಒಳಗೆ ಕಾವು ಹುಟ್ಟುತ್ತದೆ. ಒಂಟಿಯಾಗಿದ್ದಿದ್ದರೆ ದಾರಿ ಎಂದೋ ದುಂಡಗಾಗಿ ಯುರೋಪಾ ತಣ್ಣಗೆ ಕೂರುತ್ತಿತ್ತು. ಪಕ್ಕದ ಚಂದ್ರರು ಬಿಡುವುದಿಲ್ಲ. ಗ್ಯಾನಿಮೀಡ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಯುರೋಪಾ ಎರಡು ಸುತ್ತುತ್ತದೆ, ಅಯೋ ನಾಲ್ಕು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸಿಕ್ಕಿ ಒಬ್ಬರ ದಾರಿಯನ್ನು ಒಬ್ಬರು ಎಳೆಯುತ್ತಾರೆ. “ಒಟ್ನಲ್ಲಿ ಸುಮ್ಕೆ ಕೂರಕ್ಕೆ ಬಿಡಲ್ಲ ಅನ್ನು” ಎಂದರು ಮಾವ. ಮನೆ ತುಂಬ ನೆಂಟರಿರುವ ಅವರಿಗೆ ಇದು ಸುಲಭವಾಗಿ ಅರ್ಥವಾಯಿತು.

ಈ ಎಳೆದಾಟದ ಕಾವು ಎಷ್ಟು ಜೋರು ಎಂಬುದನ್ನು ಅಯೋ ತೋರಿಸಿಕೊಟ್ಟ ಕಥೆ ಚೆನ್ನಾಗಿದೆ. 1979ರ ಮಾರ್ಚ್ 2ರಂದು ಸ್ಟ್ಯಾಂಟನ್ ಪೀಲ್ ಮತ್ತು ಇಬ್ಬರು ಸಂಗಡಿಗರು, ಅಯೋದ ಒಡಲು ಕರಗಿ ಕುದಿಯುತ್ತಿರಬೇಕು ಎಂದು ಲೆಕ್ಕ ಹಾಕಿ ಪ್ರಬಂಧ ಪ್ರಕಟಿಸಿದರು. ಮೂರು ದಿನಕ್ಕೆ ವಾಯೇಜರ್ 1 ನೌಕೆ ಗುರುವಿನ ಹತ್ತಿರ ಹಾದುಹೋಯಿತು. ಅದು ಕಳಿಸಿದ ಚಿತ್ರವೊಂದನ್ನು ಪರೀಕ್ಷಿಸುತ್ತಿದ್ದ ಲಿಂಡಾ ಮೊರಾಬಿಟೊಗೆ ಅಯೋದ ಅಂಚಿನಲ್ಲಿ ಜ್ವಾಲಾಮುಖಿಯ ಹೊಗೆ ಕಂಡಿತು. ನಮ್ಮಲ್ಲಿ ಮಳೆ ಭವಿಷ್ಯ ಹೇಳುವವರಿಗೆ ಇಂಥ ಅದೃಷ್ಟ ಒಮ್ಮೆಯೂ ಒದಗಿ ಬಂದದ್ದಿಲ್ಲ.

ಇನ್ನು ಖರ್ಚು. ಮೇಲಿನ ಗಡ್ಡೆಯೇ ಇಲ್ಲದಿದ್ದರೆ ಗಾಳಿಯಿಲ್ಲದ ಆ ಬಯಲಿನಲ್ಲಿ ನೀರು ಅತ್ತ ಹೆಪ್ಪುಗಟ್ಟುತ್ತಲೂ ಇತ್ತ ಕುದಿದು ಆರುತ್ತಲೂ ಇರುತ್ತಿತ್ತು. ಬೇರೆ ಬಹುಪಾಲು ವಸ್ತುಗಳು ಗಟ್ಟಿಯಾದಾಗ ಮುಳುಗುತ್ತವೆ. ನೀರು ಗಟ್ಟಿಯಾದಾಗ ತೇಲುತ್ತದೆ. ಹಾಗಾಗಿ ಕಡಲು ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುತ್ತದೆ. ಚಿಪ್ಪು ತೆಳುವಾದರೆ ಶಾಖ ಬೇಗ ಸೋರುತ್ತದೆ, ಸೋರಿದರೆ ಕೆಳಗಿನ ನೀರು ಹೆಪ್ಪುಗಟ್ಟಿ ಚಿಪ್ಪು ದಪ್ಪವಾಗುತ್ತದೆ, ದಪ್ಪವಾದರೆ ಸೋರಿಕೆ ತಗ್ಗುತ್ತದೆ. ಬಂದದ್ದಕ್ಕೂ ಹೋದದ್ದಕ್ಕೂ ಸರಿಹೋಗುವ ದಪ್ಪಕ್ಕೆ ಅದು ನಿಲ್ಲುತ್ತದೆ. ಇನ್ನೊಂದು ಜಾಣತನ ಉಪ್ಪಿನದು. ನೀರು ಗಡ್ಡೆಯಾಗುವಾಗ ಉಪ್ಪನ್ನು ಹೊರಗೆ ತಳ್ಳುತ್ತದೆ, ತಳ್ಳಿದ ಉಪ್ಪು ಉಳಿದ ನೀರಿಗೆ ಸೇರುತ್ತದೆ. ಕಡಲು ಚಿಕ್ಕದಾದಷ್ಟೂ ಉಪ್ಪಾಗುತ್ತದೆ, ಉಪ್ಪಾದಷ್ಟೂ ಹೆಪ್ಪುಗಟ್ಟಲು ಮೊಂಡುತನ ಮಾಡುತ್ತದೆ. ಅಮೋನಿಯಾ ಬೆರೆತಿದ್ದರೆ ಕೇಳುವುದೇ ಬೇಡ, ಸಾಕಷ್ಟು ಬೆರೆತರೆ ಸೊನ್ನೆಗಿಂತ 90 ಡಿಗ್ರಿ ಕೆಳಗೂ ಹರಿಯುತ್ತದೆ. ಯಾರ ಎಳೆದಾಟವೂ ಈಗ ಉಳಿದಿಲ್ಲದ ಪ್ಲೂಟೋದಲ್ಲೂ ಕಡಲಿರಬಹುದು ಎಂದು 2015ರಲ್ಲಿ ನ್ಯೂ ಹೊರೈಜನ್ಸ್ ನೌಕೆ ಹಾದುಹೋದ ಮೇಲೆ ಅನುಮಾನ ಪಡುವವರು ಇಂಥ ಲೆಕ್ಕಗಳನ್ನೇ ನೆಚ್ಚಿಕೊಂಡಿದ್ದಾರೆ. ಗ್ಯಾನಿಮೀಡಿನದು ಇನ್ನೂ ವಿಚಿತ್ರ. ಅಲ್ಲಿ ಕಡಲಿನ ತಳದಲ್ಲಿ ಒತ್ತಡ ಎಷ್ಟೆಂದರೆ ನೀರು ಬೇರೊಂದು ಬಗೆಯ, ಮುಳುಗುವ ಗಡ್ಡೆಯಾಗುತ್ತದೆ. ಮೇಲೊಂದು ಗಡ್ಡೆ, ಕೆಳಗೊಂದು ಗಡ್ಡೆ, ನಡುವೆ ಕಡಲು.

“ನೋಡದೆ ಹೆಂಗೆ ಹೇಳ್ತಾರೆ?” ಎಂಬುದು ಮಾವನ ಮುಂದಿನ ಪ್ರಶ್ನೆ. ಅದಕ್ಕೆ ನಾನು ಉತ್ತರ ಕೊಡಬೇಕಿರಲಿಲ್ಲ, ಅವರೇ ದಿನಾ ಮಾಡುವ ಕೆಲಸ ಅದು. ಅಟ್ಟದ ಕತ್ತಲಿನಲ್ಲಿ ಏಣಿಯ ಮೇಲೆ ನಿಂತು ಒಂದು ಕಾಯಿ ಎತ್ತಿಕೊಳ್ಳುತ್ತಾರೆ. ದೂಳು ಊದುತ್ತಾರೆ. ಕಿವಿಯ ಪಕ್ಕ ಹಿಡಿದು ಎರಡು ಸಲ ಅಲ್ಲಾಡಿಸುತ್ತಾರೆ. ಕುಳುಕುಳು ಎಂದರೆ ನೀರು ತುಂಬ ಇದೆ, ಇನ್ನೂ ಆರು ತಿಂಗಳು ಹೋಗಬೇಕು. ಏನೂ ಸದ್ದಿಲ್ಲದಿದ್ದರೆ ನೀರಿಂಗಿದೆ, ತಿರುಳು ಚಿಪ್ಪು ಬಿಟ್ಟಿಲ್ಲ. ಲೊಟಲೊಟ ಎಂದರೆ ಉಂಡೆ ಬಿಟ್ಟಿದೆ, ಸುಲಿಯಬಹುದು. ಆ ಲೊಟಲೊಟದಲ್ಲೂ ಅವರಿಗೆ ಒಳ್ಳೆಯ ಉಂಡೆ ಯಾವುದು, ಕೌಟು ಯಾವುದು ಎಂದು ಗೊತ್ತಾಗುತ್ತದೆ. ನನಗೆ ಎಲ್ಲವೂ ಒಂದೇ ಕೇಳಿಸುತ್ತದೆ.

ಎನ್ಸೆಲಡಸ್ ವಿಷಯದಲ್ಲಿ ವಿಜ್ಞಾನಿಗಳು ಮಾಡಿದ್ದು ಇಷ್ಟೇ. ಅದು ಶನಿಯನ್ನು 33 ಗಂಟೆಗೊಮ್ಮೆ ಸುತ್ತುವಾಗ ಅತ್ತಿತ್ತ ಸ್ವಲ್ಪ ಓಲಾಡುತ್ತದೆ. ಕಸೀನಿ ನೌಕೆ ವರ್ಷಗಟ್ಟಲೆ ತೆಗೆದ ಚಿತ್ರಗಳಲ್ಲಿ ಅದರ ಮೈಮೇಲಿನ ಕುಳಿಗಳನ್ನು ಒಂದೊಂದಾಗಿ ಗುರುತು ಹಾಕಿ ಓಲಾಟವನ್ನು ಅಳೆದರು. 2015ರಲ್ಲಿ ಲೆಕ್ಕ ಹೊರಬಂತು: ಒಂದು ಡಿಗ್ರಿಯ ಎಂಟನೇ ಒಂದು ಭಾಗಕ್ಕೂ ಕಡಿಮೆ. ಆದರೆ ಗಡ್ಡೆ ಒಳಗಿನ ಕಲ್ಲಿಗೆ ಅಂಟಿಕೊಂಡಿದ್ದಿದ್ದರೆ ಅಷ್ಟು ಓಲಾಟವೂ ಸಾಧ್ಯವಿರಲಿಲ್ಲ. ಚಿಪ್ಪು ಬೇರೆ, ಉಂಡೆ ಬೇರೆ, ನಡುವೆ ಸುತ್ತಲೂ ನೀರು. ಯುರೋಪಾದಲ್ಲಿ ಇದನ್ನು ಕಂಡದ್ದು ಬೇರೆ ದಾರಿಯಲ್ಲಿ. ಗುರುವಿನ ಕಾಂತಕ್ಷೇತ್ರ ಓರೆಯಾಗಿ ತಿರುಗುವುದರಿಂದ ಯುರೋಪಾದ ಮೇಲೆ ಅದರ ದಿಕ್ಕು ಬದಲಾಗುತ್ತಲೇ ಇರುತ್ತದೆ. ಉಪ್ಪುನೀರಿದ್ದರೆ ಅದರಲ್ಲಿ ವಿದ್ಯುತ್ ಹರಿದು ಯುರೋಪಾವೇ ತನ್ನದೊಂದು ಕಾಂತಕ್ಷೇತ್ರವನ್ನು ಎದುರಿಗೆ ಒಡ್ಡಬೇಕು. ಗೆಲಿಲಿಯೋ ಎಂಬ ಹೆಸರಿನದೇ ನೌಕೆಯ ಮ್ಯಾಗ್ನೆಟೋಮೀಟರಿನಲ್ಲಿ ಮಾರ್ಗರೆಟ್ ಕಿವೆಲ್ಸನ್ ಮತ್ತವರ ತಂಡ ಅದನ್ನು ಹಿಡಿದರು. ನೀರು ನೋಡುವ ವಿದ್ಯೆಯೇ ಇದೂ. ವ್ಯತ್ಯಾಸವೆಂದರೆ ದಿಕ್ಕು ಬದಲಾದಾಗ ಸೂಚನೆಯೂ ಬದಲಾಗುತ್ತದೋ ಇಲ್ಲವೋ ಎಂದು 2000ದ ಜನವರಿಯಲ್ಲಿ ಮತ್ತೆ ಹೋಗಿ ಪರೀಕ್ಷೆ ಮಾಡಿದರು. ನಮ್ಮವರು ಎರಡನೇ ಸಲ ಅದೇ ಹೊಲಕ್ಕೆ ಬರುವುದಿಲ್ಲ.

ಅರಸೀಕೆರೆಯಿಂದ ಜಾವಗಲ್ ದಾಟಿ ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ ಕೂತರೆ, ಈ ವಿಷಯ ಅಲ್ಲಿಗೇ ಮುಗಿಯಿತು ಎಂದು ಅನ್ನಿಸಬೇಕು. ಹಾಗಾಗುವುದಿಲ್ಲ. ಬೇಲೂರಿನ ಚೆನ್ನಕೇಶವ ಗುಡಿ 1117ರದು, ಹಳೇಬೀಡಿನ ಹೊಯ್ಸಳೇಶ್ವರ ಅದಾದ ಸ್ವಲ್ಪ ಕಾಲಕ್ಕೆ ಶುರುವಾದದ್ದು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಗೈಡುಗಳ ದನಿ ಇನ್ನಷ್ಟು ಏರಿದೆ. ಅವರು ಶಿಲ್ಪಿಗಳ ವಿಷಯ ಹೇಳುತ್ತಾರೆ, ಕಲ್ಲಿನ ವಿಷಯಕ್ಕೆ ಬರುವಷ್ಟರಲ್ಲಿ ಮುಂದಿನ ಗುಂಪು ಕಾದಿರುತ್ತದೆ. ಕಲ್ಲು ಬಳಪದ ಕಲ್ಲು. ನಾವು ಸಣ್ಣವರಿದ್ದಾಗ ಸ್ಲೇಟಿನ ಮೇಲೆ ಬರೆದದ್ದಕ್ಕಿಂತ ಹೆಚ್ಚಾಗಿ ಬಳಪ ತಿಂದು ಏಟು ತಿಂದೆವು. ಶಿಲಾಬಾಲಿಕೆಯ ಮೂಗುತಿ, ಅವಳ ಕೈಯ ಕನ್ನಡಿ, ಹಳೇಬೀಡಿನ ಗೋಡೆಯ ಕೆಳಸಾಲಿನಲ್ಲಿ ಒಂದರ ಬಾಲ ಹಿಡಿದು ಇನ್ನೊಂದು ನಡೆವ ಆನೆಗಳು, ಮೇಲೊಂದು ಸಾಲು ಮಕರಗಳು, ಎಲ್ಲವೂ ಆ ಮೆತ್ತನೆಯ ಕಲ್ಲಿನ ಕೃಪೆ.

ಆ ಮೆತ್ತನೆತನ ಬಂದದ್ದು ನೀರಿನಿಂದ. ಮೆಗ್ನೀಸಿಯಂ ತುಂಬಿದ, ಒಂದು ಕಾಲಕ್ಕೆ ಶಿಲಾರಸವಾಗಿದ್ದ ಕಪ್ಪು ಕಲ್ಲು ನೆಲದಾಳದಲ್ಲಿ ಬಿಸಿನೀರಿನ ಸಹವಾಸಕ್ಕೆ ಬಿದ್ದು, ಕೋಟ್ಯಂತರ ವರ್ಷಗಳ ಹಿಂದೆ ಹಂತಹಂತವಾಗಿ ಟಾಲ್ಕ್ ಮತ್ತು ಕ್ಲೋರೈಟ್ ಎಂಬ ಖನಿಜಗಳಾಗಿ ಬದಲಾಯಿತು. ಬದಲಾಗುವಾಗ ನೀರನ್ನು ಹರಳಿನೊಳಗೇ ಕಟ್ಟಿಹಾಕಿಕೊಂಡಿತು. ಹಿಂಡಿದರೆ ಬರುವ ನೀರಲ್ಲ ಅದು. ಅಣುಗಳೇ ಒಡೆದು ಕಲ್ಲಿನ ಕಟ್ಟಡದಲ್ಲಿ ಸೇರಿಹೋದ ನೀರು. ಶುದ್ಧ ಟಾಲ್ಕ್ ಆದರೆ ತೂಕದಲ್ಲಿ ಹೆಚ್ಚುಕಡಿಮೆ ಶೇಕಡಾ 5ರಷ್ಟು, ಅಂದರೆ ಟನ್ನಿಗೆ ಸುಮಾರು 50 ಲೀಟರ್. ಕ್ಲೋರೈಟಿನಲ್ಲಿ ಇನ್ನೂ ಹೆಚ್ಚು. ನಮ್ಮ ಕಡೆಯ ಟ್ಯಾಂಕರಿನವರಿಗೆ ಈ ವಿಷಯ ತಿಳಿಯದಿರಲಿ.

ಇದನ್ನು ಹೇಳಿದ್ದು ಸುಮ್ಮನೆ ಅಲ್ಲ. ಎನ್ಸೆಲಡಸ್ಸಿನ ದಕ್ಷಿಣ ಧ್ರುವದಲ್ಲಿ ನಾಲ್ಕು ಉದ್ದನೆಯ ಬಿರುಕುಗಳಿವೆ. ಅಲ್ಲಿಂದ ನೀರಾವಿ, ಹಿಮದ ಕಣಗಳು ಆಕಾಶಕ್ಕೆ ಚಿಮ್ಮುತ್ತವೆ ಎಂದು 2005ರಲ್ಲಿ ತಿಳಿಯಿತು. ಕಸೀನಿ ಆ ಚಿಲುಮೆಯ ನಡುವೆಯೇ ಹಾದು ರುಚಿ ನೋಡಿತು. ಉಪ್ಪು ಸಿಕ್ಕಿತು, ಕಲ್ಲಿಗೆ ತೀರಾ ಬಿಸಿನೀರು ತಾಗಿದರೆ ಮಾತ್ರ ಆಗುವಂಥ ಸಿಲಿಕಾ ಕಣಗಳು ಸಿಕ್ಕಿದವು, 2017ರಲ್ಲಿ ಜಲಜನಕದ ಸುದ್ದಿ ಬಂತು, 2023ರಲ್ಲಿ ಫಾಸ್ಫೇಟಿನದು. ಜಲಜನಕ ಅಲ್ಲಿಗೆ ಹೇಗೆ ಬಂತು ಎಂಬುದಕ್ಕೆ ಒಪ್ಪುವಂಥ ಉತ್ತರ, ಕಡಲ ತಳದಲ್ಲಿ ಮೆಗ್ನೀಸಿಯಂ, ಕಬ್ಬಿಣ ತುಂಬಿದ ಕಲ್ಲಿಗೆ ಬಿಸಿನೀರು ನುಗ್ಗುತ್ತಿದೆ ಎಂಬುದೇ. ಕಲ್ಲು ನೀರನ್ನು ಹೀರಿ ರೂಪ ಬದಲಿಸುತ್ತದೆ, ಜಲಜನಕ ಬಿಡುತ್ತದೆ. ಭೂಮಿಯ ಕಡಲಾಳದಲ್ಲಿ ಸೂರ್ಯನ ಮುಖವನ್ನೇ ಕಾಣದ ಸೂಕ್ಷ್ಮಜೀವಿಗಳು ಇಂಥ ಜಲಜನಕವನ್ನೇ ಉಂಡು ಬದುಕುತ್ತವೆ. ಬೇಲೂರಿನ ಕಲ್ಲು ಹುಟ್ಟಿದ ಅಡುಗೆಮನೆಯಂಥದ್ದೇ ಒಂದು ಆ ಪುಟ್ಟ ಚಂದ್ರನ ಹೊಟ್ಟೆಯಲ್ಲಿ ಈಗಲೂ ಕೆಲಸದಲ್ಲಿದೆ. ಅಲ್ಲಿ ಯಾವ ಮಕರವಿದೆಯೋ, ಮಕರ ಬೇಡ, ಒಂದು ಸೂಕ್ಷ್ಮಾಣುವಾದರೂ ಇದೆಯೋ, ಇನ್ನೂ ಯಾರೂ ಕಂಡಿಲ್ಲ.

ಹಳೇಬೀಡಿನ ಕೆರೆ ಏರಿಯ ಮೇಲೆ ನಿಂತರೆ ಎದುರಿಗೆ ದೋರಸಮುದ್ರ. 1311ರಲ್ಲಿ ಮಲಿಕ್ ಕಾಫರನ ದಂಡು ಬಂದು ಹೋಯಿತು, ಆಮೇಲೆ ಹೊಯ್ಸಳರ ರಾಜಧಾನಿಯೂ ಹೋಯಿತು, ಕೆರೆ ಮಾತ್ರ ಉಳಿಯಿತು. ಉಳಿಯಿತು ಎನ್ನುವುದೂ ಮಳೆ ಬಂದ ವರ್ಷದ ಮಾತು. ಬರ ಬಿದ್ದಾಗ ಅದರ ತಳದ ಮಣ್ಣು ಬಾಯಿ ಬಿಡುತ್ತದೆ. ಯಗಚಿಯ ನೀರನ್ನು ಇಲ್ಲಿಗೆ ತರುವ ರಣಘಟ್ಟ ಯೋಜನೆಗಾಗಿ ರೈತರು ಕೂತು ಎದ್ದು ವರ್ಷಗಳೇ ಕಳೆದವು. ಮೇಲೆ ಚಿಪ್ಪಿಲ್ಲದ ನೀರಿನ ಪಾಡು ಇಷ್ಟೇ. ಬಿಸಿಲು, ಗಾಳಿ, ಪಂಪ್‌ಸೆಟ್ಟು ಮೂರೂ ಅದರಲ್ಲಿ ಪಾಲು ಕೇಳುತ್ತವೆ.

ಎಲ್ಲ ಗುಪ್ತ ಕಡಲುಗಳೂ ಪುರಾತನ ಎಂದೇನೂ ಅಲ್ಲ. ಶನಿಯ ಮಿಮಾಸ್ ಎಂಬ ಚಂದ್ರ ಎನ್ಸೆಲಡಸ್ಸಿಗಿಂತಲೂ ಚಿಕ್ಕದು, ಕುಳಿಗಳಿಂದ ತುಂಬಿದ ಅದರ ಮುಖ ನೋಡಿ ಅದು ಒಳಗಿನವರೆಗೂ ಹೆಪ್ಪುಗಟ್ಟಿ ಸತ್ತದ್ದೆಂದೇ ಬಹಳ ಜನ ನಂಬಿದ್ದರು. ಅದರ ಓಲಾಟವನ್ನೂ ಸುತ್ತುವ ದಾರಿಯನ್ನೂ ಅಳೆದು ನೋಡಿದ ಫ್ರೆಂಚ್ ತಂಡವೊಂದು 2024ರಲ್ಲಿ, ಅಲ್ಲೂ ಕಡಲಿದೆ, ಅದಕ್ಕೆ ಎರಡೂವರೆ ಕೋಟಿ ವರ್ಷವೂ ಆಗಿಲ್ಲ ಎಂದಿತು. ಗೋಳಗಳ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆಯ ಮಾತು. ನನಗೆ ಇದು ಯುರೋಪಾಕ್ಕಿಂತ ಹೆಚ್ಚು ಹಿಡಿಸಿದ ಸುದ್ದಿ. ಒಣಗಿದೆ ಎಂದು ಬಿಟ್ಟ ಕಾಯೊಳಗೆ ಕುಳುಕುಳು ಕೇಳಿಸಿದರೆ ಯಾರಿಗೆ ತಾನೇ ಹಿಡಿಸುವುದಿಲ್ಲ? ಮಾವನಿಗೆ ಹಿಡಿಸಲಿಲ್ಲ. ಅದು ಕೊಬ್ಬರಿಗೆ ಆಗಿಬರುವ ಕಾಯಲ್ಲ.

ಯುರೋಪಾ ಕ್ಲಿಪ್ಪರ್ ಎಂಬ ನೌಕೆ 2024ರ ಅಕ್ಟೋಬರ್ 14ರಂದು ಹೊರಟಿದೆ, 2030ರ ಏಪ್ರಿಲಿಗೆ ಗುರುವಿನ ಬಳಿ ತಲುಪುತ್ತದೆ ಎಂದು ಮಾವನಿಗೆ ಹೇಳಿದೆ.

“ಅಷ್ಟು ದೂರ ಹೋಗಿ ಕೊರೀತಾರಾ?”

“ಇಲ್ಲ ಮಾವ. ಇಳಿಯೋದೂ ಇಲ್ಲ. ಐವತ್ತು ಸಲದ ಹತ್ತಿರ ಪಕ್ಕದಲ್ಲೇ ಹಾದು ಹೋಗುತ್ತೆ. ರೇಡಾರಲ್ಲಿ ಗಡ್ಡೆ ಎಷ್ಟು ದಪ್ಪ, ನೀರು ಎಲ್ಲಿ ಅಂತ ನೋಡುತ್ತೆ.”

“ಪಾಯಿಂಟ್ ಮಾಡಕ್ಕೆ ಹೋಯ್ತದೆ ಅನ್ನು.” ಸುಲಿದ ಕಾಯನ್ನು ರಾಶಿಗೆ ಎಸೆದರು. “ಮುಂದೆ ಯಾರಾದ್ರೂ ಕೊರೆದ್ರೆ ಎಷ್ಟು ಅಡಿ ಆಯ್ತದೆ?”

20 ಕಿಲೋಮೀಟರ್ ಎಂದಿಟ್ಟುಕೊಂಡರೂ 65 ಸಾವಿರ ಅಡಿ ಎಂದೆ.

“ಕೇಸಿಂಗು?”

ನಾನು ಯೋಚಿಸಿದೆ. ಮಂಜುಗಡ್ಡೆಯಲ್ಲಿ ಕೊರೆದ ತೂತು ತಾನಾಗಿ ಕೂಡಿಕೊಳ್ಳುತ್ತದೆ, ಆದ್ದರಿಂದ ತಳದವರೆಗೂ ಬೇಕಾಗಬಹುದು ಎಂದೆ.

“ಆಗಲ್ಲ ಬಿಡು. ಇಲ್ಲಿ ಅರವತ್ತು ಅಡಿ ಕೇಸಿಂಗಿಗೇ ಪಾರ್ಟಿ ಚೌಕಾಸಿಗೆ ನಿಲ್ತಾರೆ” ಎಂದು ಮಾವ ಇನ್ನೊಂದು ಕಾಯಿಗೆ ಕೈ ಹಾಕಿದರು.